ಶಾಲಿನ ನೆತ್ತಿಯಲ್ಲಿ ಮೂರು ಹೌದು

ಡೆಲ್ ಹ್ಯಾವರ್ಟಿಯ ಬೂದಿಯನ್ನು ಅವನ ಚಹಾ ಫ್ಲಾಸ್ಕಿಗೆ ತುಂಬಿಸಿದ್ದು ಅವನ ಹೆಂಡತಿ ಮಾರ್ಗೊ. ಅಂತ್ಯಸಂಸ್ಕಾರದವರು ಕೊಟ್ಟ ಹಿತ್ತಾಳೆ ಕರಂಡಕವನ್ನು ನೋಡಿ, "ಇದರಲ್ಲಿ ಅವನು ಒಂದು ದಿನವೂ ಇರಲ್ಲ" ಅಂದಳು. ವರ್ಷಗಟ್ಟಲೆ ಅವನ ಬೆನ್ನಚೀಲದಲ್ಲಿ ಕುಲುಕಾಡಿ ಮೈಯೆಲ್ಲ ತಗ್ಗುಬಿದ್ದಿದ್ದ ಹಸಿರು ಫ್ಲಾಸ್ಕನ್ನು ತೊಳೆದು, ಒರೆಸಿ, ಅಡುಗೆಮನೆಯ ಚಮಚದಲ್ಲೇ ತುಂಬಿದಳು. ಮಿಕ್ಕಿದ್ದನ್ನು ಏನು ಮಾಡಿದಳೋ, ಫೆನ್ಯಾ ಕೇಳಲಿಲ್ಲ.

ಆ ಫ್ಲಾಸ್ಕ್ ಈಗ ಫೆನ್ಯಾಳ ಕಾರಿನಲ್ಲಿ, ಮಾರ್ಗೊಳ ಮಡಿಲಲ್ಲಿ, ಸೀಟ್‌ಬೆಲ್ಟಿನ ಒಳಗೆ ಕೂತು ಬರುತ್ತಿತ್ತು. ಫೆಬ್ರವರಿಯ ಬೆಳಗು. ಎರಡು ದಿನ ಬಿಡದೆ ಸುರಿದ ಹಿಮ ನಿಂತು, ಕೂಟ್ನಿ ಸರೋವರದ ಮೇಲೆ ಆಕಾಶ ತೊಳೆದಿಟ್ಟ ಹಾಗಿತ್ತು. ಇಂಥ ಬೆಳಗು ಕಂಡರೆ ಆ ಊರಿನಲ್ಲಿ ಯಾರೂ ನೆಟ್ಟಗೆ ಕೆಲಸಕ್ಕೆ ಹೋಗುವುದಿಲ್ಲ. ಹೋದವರೂ ಹಲ್ಲುನೋವು ಅಂತ ಸುಳ್ಳು ಹೇಳಿ, ಸ್ಕೀ ಹೊತ್ತುಕೊಂಡು ಬೆಟ್ಟದ ಬುಡಕ್ಕೆ ಓಡುತ್ತಾರೆ. ಹೊಸ ಹಿಮ ಬಿದ್ದ ಮಾರನೆಯ ಬಿಸಿಲೇ ಜನರನ್ನು ಕೊಲ್ಲುವುದು ಅಂತ ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಓಡುತ್ತಾರೆ. ಫೆನ್ಯಾ ಕಲ್ಮಕಾಫ್ ಚಳಿಗಾಲದ ಶನಿವಾರಗಳಲ್ಲಿ ಒಂದು ಕೋಣೆ ತುಂಬ ಜನರಿಗೆ ಇದನ್ನೇ ಪಾಠ ಹೇಳುತ್ತಿದ್ದಳು. ವಾರದ ಉಳಿದ ದಿನಗಳಲ್ಲಿ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದಳು. ಪಾಠ ಕೇಳದವರ ಮೂಳೆ ಅಲ್ಲಿ ನೋಡ್ತೀನಿ ಅನ್ನುವುದು ಅವಳ ಹಳೇ ತಮಾಷೆ.

"ಇವತ್ತಿಗೆ ಅವನಿಗೆ ಅರವತ್ತೆರಡು ತುಂಬ್ತಿತ್ತು," ಅಂದಳು ಮಾರ್ಗೊ.

"ಕೇಕ್ ಮುಟ್ಟೋಕೆ ಬಿಡ್ತಿರಲಿಲ್ಲ. ಬೆಟ್ಟ ಹತ್ತಿ ಬಂದವರಿಗೆ ಮಾತ್ರ ಅಂತಿದ್ದ."

"ನನಗೂ ಕೊಡ್ತಿರಲಿಲ್ಲ ಕಣೇ, ಕಟ್ಕೊಂಡ ಹೆಂಡ್ತಿಗೆ." ಮಾರ್ಗೊ ನಕ್ಕಳು. ಆಮೇಲೆ ಫ್ಲಾಸ್ಕಿನ ಮುಚ್ಚಳವನ್ನು ಬೆರಳಿನಿಂದ ಸವರುತ್ತಾ ಅಂದಳು, "ಫೆನ್ಯಾ, ಹೋದ ವರ್ಷ ನೀವು ಮೂವರೂ ಶಾಲಿನ ನೆತ್ತಿವರೆಗೂ ಹೋಗಿ ವಾಪಸ್ ಬಂದ್ರಲ್ಲ. ಆ ದಿನದ ಮಾತು ಅವನು ಕೊನೇವರೆಗೂ ಬಿಡಲಿಲ್ಲ. ಆಸ್ಪತ್ರೆ ಮಂಚದ ಮೇಲೂ ಅದೇ..."

ಫೆನ್ಯಾ ಮಾತನ್ನು ಅಲ್ಲೇ ತಡೆದಳು. "ಇವತ್ತು ಬೇಡ್ವೇ ಮಾರ್ಗೊ. ಗಾಡಿ ಓಡಿಸ್ತಿದೀನಿ."

"ಅಲ್ಲ, ಹೇಳೋದನ್ನ ಪೂರ್ತಿ ಕೇಳು."

"ಆಮೇಲೆ ಹೇಳುವಂತೆ. ಅಗೋ ನೋಡು, ವೆಂಡೆಲ್ ಬಂದು ನಿಂತಿದಾನೆ."

ಹೋದ ವರ್ಷದ ಆ ದಿನವನ್ನು ಫೆನ್ಯಾ ಯಾರ ಬಾಯಿಂದಲೂ ಕೇಳಬೇಕಾಗಿರಲಿಲ್ಲ, ಅದು ಅವಳ ಹೊಟ್ಟೆಯಲ್ಲೇ ಕೂತಿತ್ತು. ಶಾಲು ಅಂದರೆ ಎರಡು ಕಾಡುಗಳ ನಡುವೆ ಹರಡಿಕೊಂಡ ಒಂದು ಕಡಿದಾದ ಇಳಿಜಾರು. ಫೆನ್ಯಾಳ ಅಜ್ಜಿಯಂಥ ದುಖೊಬೋರ್ ಪಂಥದ ಹೆಂಗಸರು ಪ್ರಾರ್ಥನೆಗೆ ಹೊದೆಯುತ್ತಿದ್ದ ಬಿಳಿ ಶಾಲಿನ ಹಾಗೆ ಕಾಣುತ್ತದೆ ಅಂತ ಆ ಹೆಸರು ಬಂದಿತ್ತು. ಡೆಲ್‌ಗೆ ಅದರ ಮೇಲೆ ಪ್ರಾಣ. ಹೋದ ಮಾರ್ಚಿನಲ್ಲಿ, ಹೊಟ್ಟೆಯೊಳಗಿನ ಗಡ್ಡೆ ಇನ್ನು ಬಹಳ ದಿನ ಬಿಡುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ, ಒಂದೇ ಒಂದು ಸಲ ಅದರ ಮೇಲೆ ಇಳಿಯಬೇಕು ಅಂತ ಅವನು ಹಟ ಹಿಡಿದಿದ್ದ. ಡೆಲ್, ಫೆನ್ಯಾ, ವೆಂಡೆಲ್ ಮೂವರೂ ನೆತ್ತಿಗೆ ಹತ್ತಿದರು. ಅಲ್ಲಿ ಫೆನ್ಯಾ "ಬೇಡ" ಅಂದಳು.

ಡೆಲ್ ಕಟ್ಟಿದ ಗುಂಪಿಗೆ ಇದ್ದದ್ದು ಒಂದೇ ಕಟ್ಟಳೆ. ಇಳಿಯುವ ಮೊದಲು ಎಲ್ಲರೂ ನಿಲ್ಲಬೇಕು, ಒಬ್ಬೊಬ್ಬರಾಗಿ ಹೌದು ಇಲ್ಲವೇ ಬೇಡ ಅನ್ನಬೇಕು. ಅನುಭವ ಎಲ್ಲರಿಗಿಂತ ಕಮ್ಮಿ ಇದ್ದವರು ಮೊದಲು, ಪಳಗಿದವರು ಕೊನೆಗೆ. ದೊಡ್ಡವರು ಮೊದಲೇ ಹೌದು ಅಂದುಬಿಟ್ಟರೆ ಚಿಕ್ಕವರ ಬಾಯಿಂದ ಬೇಡ ಹೊರಡುವುದಿಲ್ಲ ಅನ್ನುವುದು ಡೆಲ್‌ಗೆ ಗೊತ್ತಿತ್ತು. ಒಬ್ಬರು ಬೇಡ ಅಂದರೆ ಎಲ್ಲರಿಗೂ ಬೇಡ. ಯಾಕೆ ಅಂತ ಕೇಳುವ ಹಾಗಿಲ್ಲ. ಬೆಟ್ಟದ ಮೇಲೂ ಇಲ್ಲ, ಕಾರಿನಲ್ಲೂ ಇಲ್ಲ, ಸಂಜೆ ಬಿಯರ್ ಮುಂದೆ ಕೂತಾಗಲೂ ಇಲ್ಲ. ಹದಿನೈದು ವರ್ಷ ಆ ಬೇಡವನ್ನು ಹೆಚ್ಚಾಗಿ ಹೇಳಿದವಳು ಫೆನ್ಯಾಳೇ, ಅದಕ್ಕೇ ಅವಳಿಗೆ ಬೇಡಮ್ಮ ಅಂತ ಹೆಸರು ಬಿದ್ದಿತ್ತು.

ಹೋದ ವರ್ಷ ಡೆಲ್ ತನ್ನ ಕಟ್ಟಳೆಗೆ ತಾನೇ ತಲೆಬಾಗಿದ. ಇಬ್ಬರಿಗೂ ಬೆನ್ನು ಮಾಡಿ ಶಾಲನ್ನು ನೋಡುತ್ತಾ ನಿಂತ, ಆಮೇಲೆ ಬಂದ ದಾರಿಯಲ್ಲೇ ಕಾಡಿನ ಒಳಗಿಂದ ಇಳಿದ. ಮತ್ತೆ ಅವನು ಸ್ಕೀ ಕಟ್ಟಲೇ ಇಲ್ಲ. ವಾರದ ಮೇಲೆ ಫೆನ್ಯಾ ಕಣಿವೆಯಿಂದ ದುರ್ಬೀನು ಹಿಡಿದು ನೋಡಿದಾಗ ಶಾಲಿನ ತುಂಬ ಯಾರು ಯಾರದೋ ಸ್ಕೀ ಗೆರೆಗಳಿದ್ದವು. ಏನೂ ಕುಸಿದಿರಲಿಲ್ಲ. ಸಾಯುವವನ ಕೊನೆಯ ಆಸೆಗೆ ಅಡ್ಡ ನಿಂತೆ, ಅದೂ ಸುಮ್ಮಸುಮ್ಮನೆ, ಅಂತ ಅವಳಿಗೆ ಅನ್ನಿಸಿದ್ದು ಆವತ್ತು. ನವೆಂಬರಿನಲ್ಲಿ ಡೆಲ್ ತೀರಿಕೊಂಡ. ಅನ್ನಿಸಿದ್ದು ಹಾಗೇ ಉಳಿಯಿತು.

ವೆಂಡೆಲ್ ಸ್ಟ್ರೇಕರ್ ತನ್ನ ಪಿಕಪ್ ಗಾಡಿಯ ಹಿಂದೆ ಕೂತು ಬೂಟು ಬಿಗಿಯುತ್ತಿದ್ದ. ಕುರ್ಚಿ ಮೇಜು ಮಾಡುವ ಬಡಗಿ, ಡೆಲ್‌ನ ಬಾಲ್ಯದ ಗೆಳೆಯ, ಬಾಗಿಲು ತುಂಬುವಷ್ಟು ದೊಡ್ಡ ಆಳು. ಡೆಲ್‌ನ ಮಂಚದ ಪಕ್ಕ ಕೂತು, ನಿನ್ನನ್ನು ಶಾಲಿನ ನಟ್ಟನಡುವೆ ಹಾಕಿ ಬರ್ತೀನಿ ಅಂತ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದವನು ಅವನು.

"ಬಂದ್ಲಪ್ಪ ಬೇಡಮ್ಮ," ಅಂದ. "ನಿನ್ನ ಮುಖ ನೋಡಿದ್ರೆ ಗಾಡಿ ನಿಲ್ಲಿಸೋ ಜಾಗದಲ್ಲೇ ಬೇಡ ಅನ್ನೋ ಹಾಗಿದೆ."

"ನಿನ್ನ ಹೊಟ್ಟೆ ನೋಡಿದ್ರೆ ಬೆಟ್ಟಾನೇ ಬೇಡ ಅನ್ನತ್ತೆ."

"ಇದು ಹೊಟ್ಟೆಯಲ್ಲಮ್ಮ, ನಿನ್ನ ಪಿರಾಹಿಗೆ ಮಾಡಿಟ್ಟ ಜಾಗ. ತಂದಿದೀಯೋ ಇಲ್ವೋ?"

"ಆಲೂಗಡ್ಡೆ ತುಂಬಿದ ಕಡುಬು, ಹುರುಳಿದು, ಎರಡೂ ಇದೆ. ಮೇಲೆ ಹೋದ್ಮೇಲೆ."

ವೆಂಡೆಲ್ ಮಾರ್ಗೊಳ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು ಬೆರಳಿನಿಂದ ಎರಡು ಸಲ ತಟ್ಟಿದ. "ಏಳೋ ಡೆಲ್, ಹೊತ್ತಾಯ್ತು." ಫ್ಲಾಸ್ಕನ್ನು ಬೇಗನೆ ಮಾರ್ಗೊಗೆ ಕೊಟ್ಟು ಆ ಕಡೆ ತಿರುಗಿಕೊಂಡ.

ದಾರಿಯ ಬಾಯಲ್ಲಿದ್ದ ಹಲಗೆಯ ಮೇಲೆ ಆ ದಿನದ ಅಪಾಯ ಬರೆದಿತ್ತು. ಐದು ಮೆಟ್ಟಿಲಿನಲ್ಲಿ ಮೂರನೆಯದು. ಮೂರು ಅಂದರೆ ನಡುವಿನದು, ನಡುವಿನದು ಅಂದರೆ ಪರವಾಗಿಲ್ಲ ಅಂತ ಓದಿಕೊಳ್ಳುವ ಜಾಣರು ಊರಿನ ತುಂಬ ಇದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಜನವರಿಯ ಗರಿಪದರದ ಬಗ್ಗೆ ಎಚ್ಚರಿಕೆ ಇತ್ತು. ಜನವರಿಯಲ್ಲಿ ಮೋಡವಿಲ್ಲದ ರಾತ್ರಿಗಳು ಸಾಲಾಗಿ ಬಂದು, ಹಿಮದ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗರಿಗರಿಯಾಗಿ ಎದ್ದು ನಿಂತಿತ್ತು. ನೋಡಲು ಬಲು ಚಂದ. ಊರವರೆಲ್ಲ ಫೋಟೋ ತೆಗೆದುಕೊಂಡಿದ್ದರು. ಅದರ ಮೇಲೆ ಹೊಸ ಹಿಮ ಬಿದ್ದು ಮುಚ್ಚಿಕೊಂಡಿತು. ಮುಚ್ಚಿದರೂ ಗರಿ ಸಾಯುವುದಿಲ್ಲ. ಮೇಲಿನ ಹಿಮವನ್ನು ಕೆಳಗಿನದಕ್ಕೆ ಅಂಟಲು ಬಿಡದೆ, ಗಾಜಿನ ಕಡ್ಡಿಗಳ ಹಾಗೆ ಎಷ್ಟೋ ವಾರ ನಿಂತೇ ಇರುತ್ತದೆ. ಯಾರಾದರೂ ಬಂದು ತುಳಿಯುವವರೆಗೆ.

ಮೂವರೂ ಎದೆಗೆ ಬೀಕನ್ ಕಟ್ಟಿಕೊಂಡರು. ಹಿಮದಡಿ ಸಿಕ್ಕಿಕೊಂಡವರನ್ನು ಇನ್ನೊಬ್ಬರ ಬೀಕನ್ ಹುಡುಕಿ ತೋರಿಸುತ್ತದೆ. ಫೆನ್ಯಾ ದಾರಿಯಲ್ಲಿ ನಿಂತು, ಒಬ್ಬೊಬ್ಬರೇ ತನ್ನ ಮುಂದೆ ಹಾದು ಹೋದಾಗ ಪೀಂ ಅಂತ ಬರುವ ಸದ್ದನ್ನು ಕೇಳಿ ತಲೆಯಾಡಿಸಿದಳು. ಬೆನ್ನಚೀಲದಲ್ಲಿ ಸಲಿಕೆ, ಹಿಮದೊಳಗೆ ಚುಚ್ಚಿ ಹುಡುಕುವ ಮಡಚು ಸಲಾಕೆ, ಎಲ್ಲ ಇತ್ತು. ಸಾಮಾನು ಸರಿಯಾಗಿತ್ತು ಅನ್ನುವುದರಲ್ಲಿ ಅನುಮಾನವೇ ಇಲ್ಲ.

ಸ್ಕೀಯ ಅಡಿಗೆ ಜಾರದ ಪಟ್ಟಿ ಅಂಟಿಸಿಕೊಂಡು ಹತ್ತತೊಡಗಿದರು. ವೆಂಡೆಲ್ ಮುಂದೆ ಹೊಸ ಹಿಮವನ್ನು ಸೀಳಿ ದಾರಿ ಮಾಡುತ್ತಿದ್ದ, ನಡುವೆ ಮಾರ್ಗೊ, ಹಿಂದೆ ಫೆನ್ಯಾ. ಕಾಡಿನ ನಡುವಿನ ಬಯಲಿಗೆ ಬಂದಾಗ ಫೆನ್ಯಾಳ ಕಾಲಡಿಯಲ್ಲಿ ಹಿಮ 'ವುಂಫ್' ಅಂತ ಕುಳಿತುಕೊಂಡಿತು. ದೊಡ್ಡ ಸದ್ದೇನಲ್ಲ. ಆದರೆ ಹಿಮದ ಮೇಲೆ ನಡೆದವರಿಗೆ ಅದು ಬೆನ್ನುಹುರಿಯವರೆಗೆ ಕೇಳಿಸುತ್ತದೆ. ಒಳಗೆ ಗರಿಪದರ ಮುರಿದು, ಬಯಲಿಡೀ ಒಂದು ಕೂದಲೆಳೆಯಷ್ಟು ಕುಸಿದಿತ್ತು. ಬಯಲು ಓರೆಯಾಗಿದ್ದರೆ ಅಷ್ಟೂ ಜಾರಿ ಬರುತ್ತಿತ್ತು. ತನ್ನ ತರಗತಿಯಲ್ಲಿ ಅವಳು ಮೇಜು ತಟ್ಟಿ ಹೇಳುತ್ತಿದ್ದ ಮಾತಿದು. ಬೆಟ್ಟ ಇದಕ್ಕಿಂತ ಸ್ಪಷ್ಟವಾಗಿ ಮಾತಾಡುವುದಿಲ್ಲ, ಕೇಳಿಸಿದ ತಕ್ಷಣ ತಿರುಗಿ ಮನೆಗೆ ಹೋಗಿ.

ಮುಂದಿದ್ದವರು ತಿರುಗಿ ನೋಡಿದರು. ಅವರಿಗೂ ಕೇಳಿಸಿತ್ತು.

"ಕೂತ್ಕೊಳ್ತು," ಅಂದ ವೆಂಡೆಲ್.

"ಕೂತ್ಕೊಳ್ತು," ಅಂದಳು ಫೆನ್ಯಾ.

ಮಾರ್ಗೊ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದಳು. ಯಾರೂ ಮತ್ತೇನೂ ಹೇಳದಿದ್ದಾಗ ಮುಂದೆ ನಡೆದಳು. ಮಾರ್ಗೊ ಈ ಗುಂಪಿನ ಜೊತೆ ಬೆಟ್ಟಕ್ಕೆ ಬಂದದ್ದೇ ಕಮ್ಮಿ. ಸ್ಕೀ ಚೆನ್ನಾಗಿಯೇ ಆಡುತ್ತಿದ್ದಳು, ಆದರೆ ಹಿಮದ ಮಾತು ಅವಳಿಗೆ ತಿಳಿಯದು. ಗೊತ್ತಿರುವವರು ನಡೆಯುತ್ತಿದ್ದಾರೆ, ನಾನೂ ನಡೆಯುತ್ತೇನೆ ಅಂದುಕೊಂಡಿರಬೇಕು. ಅವಳ ಕೋಟಿನ ಎದೆಯಲ್ಲಿ ಫ್ಲಾಸ್ಕ್ ಉಬ್ಬಿ ಕಾಣುತ್ತಿತ್ತು. ಇಲ್ಲಿ ಗಾಳಿ ಇಲ್ಲ, ಗರಿ ಉಳಿದಿದೆ, ಮೇಲೆ ಗಾಳಿ ಎಲ್ಲವನ್ನೂ ಕಿತ್ತುಹಾಕಿರುತ್ತದೆ ಅಂತ ಫೆನ್ಯಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದನ್ನು ನಂಬಿದಳೋ ಇಲ್ಲವೋ, ಕಾಲಂತೂ ನಡೆಯುತ್ತಿತ್ತು.

ಶಾಲಿನ ಪಕ್ಕದ ಕಾಡಂಚಿನಲ್ಲಿ ಮಾರ್ಗೊ ಚಹಾ ಕುಡಿಯಲು ಕೂತಾಗ ಫೆನ್ಯಾ ಹಿಮವನ್ನು ಸೊಂಟದಾಳ ಅಗೆದಳು. ಗುಂಡಿಯ ಗೋಡೆಯಲ್ಲಿ ಕಂಬದಂತೆ ಒಂದು ತುಂಡು ಕತ್ತರಿಸಿ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆ ಇಟ್ಟು ತಟ್ಟಿದಳು. ಮೊದಲು ಮಣಿಕಟ್ಟಿನಿಂದ ಮೆಲ್ಲಗೆ, ಆಮೇಲೆ ಮೊಣಕೈಯಿಂದ. ಮೊಣಕೈಯ ಎರಡನೇ ತಟ್ಟಿಗೇ ಕಂಬದ ಮೇಲರ್ಧ ಮೇಜಿನ ಡ್ರಾಯರ್ ಎಳೆದ ಹಾಗೆ ನಯವಾಗಿ ಈಚೆ ಜಾರಿ ಅವಳ ಮಡಿಲಿಗೆ ಬಿತ್ತು. ಕತ್ತರಿಸಿದ ಜಾಗದಲ್ಲಿ ಗರಿಗಳು ಮಿಣಮಿಣ ಹೊಳೆಯುತ್ತಿದ್ದವು.

ವೆಂಡೆಲ್ ಗುಂಡಿಯ ಅಂಚಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತ. ನೋಡಿದ. ಅವನಿಗೆ ವಿವರಿಸಿ ಹೇಳಬೇಕಾದ್ದೇನೂ ಇರಲಿಲ್ಲ.

"ಚೆನ್ನಾಗಿಲ್ಲ," ಅಂದ ಮೆತ್ತಗೆ.

"ಇಲ್ಲ."

"ಮತ್ತೆ?"

"ಮತ್ತೆ ಅಂದ್ರೆ? ನೀನೂ ನೋಡ್ದೆಯಲ್ಲ. ನಿನಗೂ ಬಾಯಿದೆ."

"ನನ್ನ ಬಾಯಿ ಆಸ್ಪತ್ರೇಲೇ ಕಟ್ಟಿಹೋಯ್ತು ಕಣೇ. ಅವನ ಕೈ ಹಿಡಿದು ಮಾತು ಕೊಟ್ಟಿದೀನಿ. ಅವಳ ಮುಂದೆ ನಾನು ಹೇಗೆ ಬೇಡ ಅನ್ನಲಿ?" ವೆಂಡೆಲ್ ಕೈಗವಸಿನಿಂದ ಮೂಗು ಒರೆಸಿಕೊಂಡ. "ನೀನು ಹೇಳು. ನೀನು ಹೇಳಿದ್ರೆ ಯಾರೂ ಏನೂ ಅಂದ್ಕೊಳಲ್ಲ. ನೀನು ಬೇಡಮ್ಮ."

ಅಲ್ಲಿ ಫೆನ್ಯಾಳಿಗೆ ಉರಿದುಹೋಯಿತು. ಹದಿನೈದು ವರ್ಷ ಇವರೆಲ್ಲರ ಪುಕ್ಕಲುತನವನ್ನು ನಾನೊಬ್ಬಳೇ ಹೊತ್ತೆ. ಒಳಗೊಳಗೇ ಬೇಡ ಅನ್ನಿಸಿದವರು ನನ್ನ ಮುಖ ನೋಡುತ್ತಾ ನಿಂತರು, ನಾನು ಹೇಳಿದ ಮೇಲೆ ನಿಟ್ಟುಸಿರು ಬಿಟ್ಟು ನನ್ನನ್ನೇ ಗೇಲಿ ಮಾಡಿದರು. ಹೋದ ವರ್ಷ ಡೆಲ್‌ನ ಶಾಲನ್ನು ಕಿತ್ತುಕೊಂಡವಳು ನಾನು. ಈ ವರ್ಷ ಅವನ ಬೂದಿಯಿಂದಲೂ ಕಿತ್ತುಕೊಳ್ಳುವವಳು ನಾನೇ ಆಗಬೇಕೇ?

"ಒಂದ್ಸಲ ನೀನು ಹೇಳಿದ್ರೆ ಸತ್ತುಹೋಗಲ್ಲ ವೆಂಡೆಲ್," ಅಂದಳು.

ಅವನು ಎದ್ದು, ಗುಂಡಿಯೊಳಗೆ ಬೂಟಿನಿಂದ ಹಿಮ ತಳ್ಳಿ ಮುಚ್ಚಿದ.

ನೆತ್ತಿ ತಲುಪಿದಾಗ ಬಿಸಿಲು ಶಾಲಿನ ಮೇಲೆ ಪೂರ್ತಿ ಬಿದ್ದಿತ್ತು. ಒಂದು ಗೆರೆ ಇಲ್ಲ, ಒಂದು ಮೊಲದ ಹೆಜ್ಜೆ ಇಲ್ಲ. ಕೆಳಗೆ ಎಡಕ್ಕೆ, ಇಳಿಜಾರು ಹಳ್ಳದ ಕಡೆ ಕಿರಿದಾಗುವ ಕಡೆಯಲ್ಲಿ, ಲಾರ್ಚ್ ಮರಗಳ ಒಂದು ಗುಂಪು ನಿಂತಿತ್ತು. ಮೂವರೂ ಪಿರಾಹಿ ತಿಂದರು. ವೆಂಡೆಲ್ ಒಂದನ್ನು ಹಿಮದ ಮೇಲಿಟ್ಟು, "ಇದು ಅವನಿಗೆ. ಬೆಟ್ಟ ಹತ್ತಿ ಬಂದಿದಾನಲ್ಲ," ಅಂದ. ಮಾರ್ಗೊ ಬಿಕ್ಕಿ ಬಿಕ್ಕಿ ಅತ್ತಳು, ಆಮೇಲೆ ನಕ್ಕಳು.

"ಇಲ್ಲೇ ಹಾಕೋಣ್ವಾ ಮಾರ್ಗೊ?" ಫೆನ್ಯಾ ಕೇಳಿದಳು. "ನೆತ್ತಿಯಿಂದ. ಗಾಳಿ ಅವನನ್ನ ಶಾಲಿನ ಮೇಲೆಲ್ಲ ಹರಡತ್ತೆ. ನಾವು ಕಾಡಿನ ದಾರೀಲಿ ಇಳಿಯೋಣ." ಇದಕ್ಕಿಂತ ಹತ್ತಿರಕ್ಕೆ ಅವಳ ಬೇಡ ಬರಲೇ ಇಲ್ಲ.

ಮಾರ್ಗೊ ಫ್ಲಾಸ್ಕಿನ ಮೇಲೆ ಕೈಯಿಟ್ಟಳು. "ನಡುವೆ ಅಂದಿದ್ದ ಅವನು. ಇಳಿತಾ ಇಳಿತಾ ಚೆಲ್ಲು ಅಂತ. ಆದ್ರೆ ನೀವು ಹೇಗೆ ಹೇಳ್ತೀರೋ ಹಾಗೆ." ಅವಳು ಕಾದಳು.

"ಸರಿ, ಕಟ್ಟಳೆ ಕಟ್ಟಳೆಯೇ," ಅಂದ ವೆಂಡೆಲ್. "ಮಾರ್ಗೊ, ನಮ್ಮಲ್ಲಿ ಹೊಸಬಳು ನೀನು. ಮೊದಲು ನೀನು."

ಡೆಲ್ ಈ ಕಟ್ಟಳೆಯನ್ನು ಕಟ್ಟಿದ್ದು ಚಿಕ್ಕವರ ಬಾಯಿ ಬಿಡಿಸಲು. ಸತ್ತವನ ಹೆಂಡತಿ ಅವನ ಬೂದಿ ಹಿಡಿದು ಮೊದಲು ನಿಂತರೆ ಉಳಿದವರ ಬಾಯಿ ಮುಚ್ಚಿಹೋಗುತ್ತದೆ ಅನ್ನುವುದು ಅವನಿಗೆ ಹೊಳೆದಿರಲಾರದು. ತಾನು ಇಲ್ಲದ ಬೆಟ್ಟವನ್ನು ಯಾರು ತಾನೇ ಊಹಿಸಿಕೊಳ್ಳುತ್ತಾರೆ?

ಮಾರ್ಗೊ ವೆಂಡೆಲ್‌ನನ್ನು ನೋಡಿದಳು, ಫೆನ್ಯಾಳನ್ನು ನೋಡಿದಳು. "ಹೌದು," ಅಂದಳು.

"ಹೌದು," ಅಂದ ವೆಂಡೆಲ್, ಫೆನ್ಯಾಳ ಸರದಿ ಅನ್ನುವುದನ್ನೂ ಮರೆತು, ಅವಸರ ಅವಸರವಾಗಿ.

ಉಳಿದದ್ದು ಫೆನ್ಯಾ. ಬೇಡ ಅನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಎಷ್ಟು ಸಲ ಹೇಳಿ ಸವೆದ ಮಾತು ಅದು. ಆದರೆ ಕಣ್ಣಿಗೆ ಕಟ್ಟಿದ್ದು ಹೋದ ವರ್ಷ ಇದೇ ಜಾಗದಲ್ಲಿ ಸುಮ್ಮನೆ ನಿಂತಿದ್ದ ಡೆಲ್‌ನ ಬೆನ್ನು. "ಒಬ್ಬೊಬ್ಬರೇ ಇಳಿಯೋಣ," ಅಂದಳು. "ಎಡಗಡೆ, ಕಾಡಿನ ಅಂಚಿಗೆ ಅಂಟ್ಕೊಂಡು. ನಡುವೆ ಉಬ್ಬಿದೆಯಲ್ಲ, ಅಲ್ಲಿಗೆ ಯಾರೂ ಹೋಗಬೇಡಿ. ಲಾರ್ಚ್ ಮರದ ಹತ್ತಿರ ನಿಲ್ಲಿ."

ಹೌದು ಅಂತ ಅವಳು ಹೇಳಲಿಲ್ಲ. ಹೇಳದೆಯೇ ಅದು ಹೌದಾಯಿತು.

ವೆಂಡೆಲ್ ಮೊದಲು ಇಳಿದ. ಆ ದೊಡ್ಡ ದೇಹ ಹಿಮದ ಮೇಲೆ ಬಂದರೆ ಹಗುರಾಗುತ್ತಿತ್ತು. ಎಡದಂಚಿನಲ್ಲಿ ದುಂಡು ದುಂಡಾಗಿ ತಿರುಗುತ್ತಾ, ಹಿಂದೆ ಬೆಳ್ಳನೆಯ ಧೂಳೆಬ್ಬಿಸುತ್ತಾ ಹೋದ. ಏನೂ ಆಗಲಿಲ್ಲ. ಲಾರ್ಚ್ ಗುಂಪಿನ ಬಳಿ ನಿಂತು ಕೋಲೆತ್ತಿ ಬೀಸಿದ. ಅಷ್ಟು ತೂಕದವನೇ ಇಳಿದಮೇಲೆ ಇನ್ನೇನು ಅಂದುಕೊಂಡಳು ಫೆನ್ಯಾ. ಅವಳ ತರಗತಿಯಲ್ಲಿ ಯಾರಾದರೂ ಹೀಗಂದಿದ್ದರೆ ಚಳಿ ಬಿಡಿಸುತ್ತಿದ್ದಳು.

ಆಗ ಅವಳಿಗೆ ಮರಗಳು ಕಂಡವು. ಮೊದಲೂ ಎಷ್ಟೋ ಸಲ ನೋಡಿದ್ದ ಮರಗಳೇ. ಅವನ ಕೆಂಪು ಕೋಟಿನ ಹಿಂದೆ ಸಾಲಾಗಿ ನಿಂತಿದ್ದವು, ಬೆಟ್ಟದ ಕಡೆಯ ಮಗ್ಗುಲಲ್ಲಿ ಒಂದಕ್ಕೂ ಕೊಂಬೆ ಇರಲಿಲ್ಲ. ಕೆಳಮಗ್ಗುಲಲ್ಲಿ ಮಾತ್ರ ಇದ್ದವು. ಮೇಲಿನಿಂದ ಹಿಮ ನುಗ್ಗಿ ನುಗ್ಗಿ ಸವರಿಕೊಂಡು ಹೋದ ಮರಗಳು ಹಾಗಿರುತ್ತವೆ. ಅಲ್ಲಿ ನಿಲ್ಲಿ ಅಂದವಳು ಅವಳೇ.

"ನೀನು ಬೇಡ ಅನ್ನಲಿಲ್ಲ," ಪಕ್ಕದಲ್ಲಿ ಮಾರ್ಗೊ ಅನ್ನುತ್ತಿದ್ದಳು. "ಅದಕ್ಕೇ ನನಗೆ ಧೈರ್ಯ."

ಫೆನ್ಯಾ ಬಾಯಿ ತೆರೆದಳು. "ಮಾರ್ಗೊ," ಅಂದಳು. ಮಾರ್ಗೊ ತಿರುಗಿ ನೋಡಿದಳು. ಕೆಂಪಡರಿದ ಮೂಗು, ಕಣ್ಣಿನಲ್ಲಿ ನೀರು, ಎದೆಯಲ್ಲಿ ಗಂಡ. "ಎಡಗಡೆ ಇರು," ಅಂದಳು ಫೆನ್ಯಾ.

ಮಾರ್ಗೊ ಹೊರಟಳು. ಮೊದಲ ತಿರುವುಗಳನ್ನು ಹೇಳಿದ ಹಾಗೆ ಎಡದಲ್ಲೇ ತೆಗೆದುಕೊಂಡಳು. ಆಮೇಲೆ ಫ್ಲಾಸ್ಕ್ ತೆಗೆಯಲು ಒಂದು ಕೈ ಕೋಟಿನೊಳಗೆ ಹೋಯಿತು, ಆ ಕೈಯ ಕೋಲು ತೂಗಾಡಿತು, ಸ್ಕೀ ಅವಳನ್ನು ಬಲಕ್ಕೆ ಎಳೆಯಿತು. ಉಬ್ಬಿನ ಮೇಲೆ ಹೋಗಿ ನಿಂತಳು. ಅಲ್ಲಿ ಹಿಮ ತೆಳ್ಳಗಿತ್ತು, ಗರಿಪದರ ಅವಳ ಕಾಲಿಗೆ ಹತ್ತಿರವಿತ್ತು.

ಸದ್ದು ಮೊದಲು ಬಂತು. ಬಯಲಿನಲ್ಲಿ ಕೇಳಿಸಿದ್ದ ಅದೇ ಸದ್ದು. ಫೆನ್ಯಾಳ ಸ್ಕೀ ಮೂತಿಯ ಮುಂದೆಯೇ ಹಿಮ ಬಿರಿದು, ಆ ಬಿರುಕು ಎಡಕ್ಕೂ ಬಲಕ್ಕೂ ಕಣ್ಣು ಹಿಂಬಾಲಿಸುವುದಕ್ಕಿಂತ ಬೇಗ ಓಡಿತು. ಶಾಲಿಗೆ ಶಾಲೇ ಕಳಚಿಕೊಂಡು, ಹಾಸುಗಲ್ಲುಗಳ ಹಾಗೆ ಒಡೆದು ಇಳಿಯತೊಡಗಿತು. ಮಾರ್ಗೊ ಬಿದ್ದಳು, ಎದ್ದಳು, ಬಲದಂಚಿಗೆ ಎಸೆಯಲ್ಪಟ್ಟಳು. ಹಿಮದ ಮೈ ಪೂರ್ತಿ ಎಡಕ್ಕೆ ಹೊರಳಿತು, ಇಳಿಜಾರಿನ ಓಟವೇ ಆ ಕಡೆಗೆ. ವೆಂಡೆಲ್ ಕೋಲು ಬಿಸಾಡಿ ಒಂದು ಮರವನ್ನು ತಬ್ಬಿಕೊಂಡದ್ದು ಫೆನ್ಯಾಳಿಗೆ ಕಂಡಿತು. ಆಮೇಲೆ ಧೂಳು ಎದ್ದು ಮರಗಳೂ ಕಾಣಲಿಲ್ಲ.

ಧೂಳು ಕೂತಾಗ ಲಾರ್ಚ್ ಗುಂಪಿನ ಅರ್ಧ ಇರಲಿಲ್ಲ.

ಫೆನ್ಯಾ ಬೋಳು ನೆಲದಂತೆ ಗಟ್ಟಿಯಾಗಿದ್ದ ಇಳಿಜಾರಿನಲ್ಲಿ ಜಾರುತ್ತಾ ಇಳಿದಳು. ಮಾರ್ಗೊ ಅಂಚಿನಲ್ಲಿ ಸೊಂಟದವರೆಗೆ ಹೂತು ಒದ್ದಾಡುತ್ತಿದ್ದಳು. "ನಿನ್ನ ಬೀಕನ್ ಹುಡುಕೋದಕ್ಕೆ ತಿರುಗ್ಸು," ಫೆನ್ಯಾ ಕೂಗಿದಳು, "ಇಲ್ಲದಿದ್ರೆ ನಿನ್ನ ಸದ್ದೇ ನನಗೆ ಕೇಳತ್ತೆ." ಮಾರ್ಗೊಗೆ ಗುಂಡಿ ಎಲ್ಲಿದೆ ಅಂತ ಸಿಗಲಿಲ್ಲ. ಫೆನ್ಯಾ ನಿಂತು ತಾನೇ ಗುಂಡಿ ತಿರುಗಿಸಿ, ಅಗೆದು ಅವಳ ಕಾಲು ಬಿಡಿಸಿ, ಹಳ್ಳದ ಕಡೆ ಓಡಿದಳು. ಸೊಂಟಕ್ಕೆ ಸಿಕ್ಕಿಸಿದ್ದ ತುರ್ತು ಕರೆಯ ಯಂತ್ರದ ಕೆಂಪು ಗುಂಡಿ ಒತ್ತಿದಳು, ಅದು ಆಕಾಶದ ಉಪಗ್ರಹಕ್ಕೆ ಸುದ್ದಿ ಮುಟ್ಟಿಸಿತು.

ಬೀಕನ್ ಅವಳನ್ನು ಸೀದಾ ಲಾರ್ಚ್ ಗುಂಪಿನ ಕೆಳಗಡೆಗೆ ಕರೆದೊಯ್ದಿತು. ಹಿಮ ಅಲ್ಲಿ ಗುಡ್ಡೆಬಿದ್ದಿತ್ತು. ಸಲಾಕೆ ಚುಚ್ಚಿದಳು. ಹಿಮ, ಹಿಮ, ಆಮೇಲೆ ಮೆತ್ತನೆ ತಡೆದ ಮೈ. ಸಲಾಕೆಯ ಅಳತೆ ಅವಳ ಎತ್ತರವನ್ನೂ ಮೀರಿತ್ತು. ಇಷ್ಟು ಆಳಕ್ಕೆ ಇಬ್ಬರು ಹೆಂಗಸರು ಅಗೆಯುವಷ್ಟರಲ್ಲಿ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು, ಆ ಲೆಕ್ಕವನ್ನೂ ಅವಳೇ ತರಗತಿಯಲ್ಲಿ ಕಲಿಸುತ್ತಿದ್ದಳು.

ಅಗೆದರು. ಮೇಲಿನಿಂದ ನೇರ ಅಗೆಯದೆ, ಇಳಿಜಾರಿನ ಕೆಳಗಿನಿಂದ ಒಳಕ್ಕೆ ಕೊರೆದುಕೊಂಡು ಹೋದರು. ನಿಂತ ಮೇಲೆ ಹಿಮ ಗಾರೆಯಂತೆ ಗಟ್ಟಿಯಾಗಿತ್ತು. ಫೆನ್ಯಾ ಕಡಿದು ಹಾಕಿದ್ದನ್ನು ಮಾರ್ಗೊ ಹಿಂದಕ್ಕೆ ಎಳೆದೆಸೆದಳು. ಮೊದಲು ಕೆಂಪು ತೋಳು ಸಿಕ್ಕಿತು, ಆಮೇಲೆ ಭುಜ. ಮುಖ ಸಿಕ್ಕಿದಾಗ ಅದರ ಮೇಲೆ ಅವನದೇ ಉಸಿರು ಹೆಪ್ಪುಗಟ್ಟಿ ಮುಖವಾಡದಂತೆ ಕೂತಿತ್ತು. ಅಂದರೆ ಅವನು ಒಳಗೆ ಎಷ್ಟೋ ಹೊತ್ತು ಉಸಿರಾಡುತ್ತಾ ಕಾದಿದ್ದ. ಫೆನ್ಯಾ ಅದನ್ನು ಕಿತ್ತು, ಬಾಯಿಗೆ ಬಾಯಿಟ್ಟು ಊದಿದಳು, ಎದೆ ಒತ್ತಿದಳು. ಸೋತಾಗ ಮಾರ್ಗೊ ಒತ್ತಿದಳು. ಮತ್ತೆ ಫೆನ್ಯಾ. ತೋಳು ಏಳದಾದ ಮೇಲೂ ಒತ್ತಿದಳು.

"ಸಾಕು ಫೆನ್ಯಾ," ಅಂದಳು ಮಾರ್ಗೊ ಕೊನೆಗೆ. "ಹೋಗಿಬಿಟ್ಟಿದಾನೆ."

ಬಿಸಿಲು ಶಾಲಿನಿಂದ ಸರಿದು ಹಳ್ಳಕ್ಕೆ ನೆರಳು ಬಂತು. ಹೆಲಿಕಾಪ್ಟರ್ ಬರುತ್ತಿದೆ ಅಂತ ಯಂತ್ರದಲ್ಲಿ ಉತ್ತರ ಬಂದಿತ್ತು. ಇಬ್ಬರೂ ವೆಂಡೆಲ್‌ನ ಎರಡೂ ಪಕ್ಕ ಕೂತರು. ಫೆನ್ಯಾ ತನ್ನ ಟೋಪಿ ತೆಗೆದು ಅವನ ತಲೆಗೆ ಹಾಕಿದಳು, ಅವನಿಗೆ ಇನ್ನು ಚಳಿಯಿಲ್ಲ ಅನ್ನುವುದು ಗೊತ್ತಿದ್ದೂ.

"ಬಯಲಲ್ಲಿ ಆ ಸದ್ದು ಬಂದಾಗಲೇ ನನಗೆ ಹೆದರಿಕೆ ಆಯ್ತು," ಅಂದಳು ಮಾರ್ಗೊ. "ಬೇಡ ಅನ್ನಬೇಕು ಅಂತಿದ್ದೆ. ಆದ್ರೆ ನೀವಿಬ್ಬರೂ ಅವನಿಗೋಸ್ಕರ ಅಷ್ಟು ದೂರ ಹತ್ತಿದೀರ. ಏನೂ ತಿಳೀದವಳು ನಾನು ಕಾಲು ಹಿಂದೆ ತೆಗೆಯೋದಾ ಅನ್ನಿಸ್ತು. ಅಪಾಯ ಇದ್ರೆ ಫೆನ್ಯಾ ಹೇಳೇ ಹೇಳ್ತಾಳೆ, ನಾನು ಹೌದು ಅಂದ್ರೆ ಏನಾಗತ್ತೆ, ಅಂದ್ಕೊಂಡೆ."

ಫೆನ್ಯಾ ಟೋಪಿಯನ್ನು ವೆಂಡೆಲ್‌ನ ಕಿವಿ ಮುಚ್ಚುವಂತೆ ಎಳೆದಳು.

"ಹೋದ ವರ್ಷ ಹೇಳಿದ್ಯಲ್ಲ. ಈ ಸಲ ಯಾಕೆ ಹೇಳಲಿಲ್ಲ?"

"ಹೋದ ವರ್ಷ ಹೇಳಿ ಅವನ ಕೊನೇ ಆಸೆ ಕಿತ್ಕೊಂಡೆ," ಅಂದಳು ಫೆನ್ಯಾ. ಮಾತು ಒಂದೊಂದಾಗಿ ಬಂತು. "ಕೊನೇವರೆಗೂ ಅದನ್ನೇ ಹೇಳ್ತಿದ್ದ ಅಂದ್ಯಲ್ಲ ಕಾರಲ್ಲಿ. ನಿನಗೂ ಮತ್ತೆ ಹಾಗೇ ಮಾಡೋಕೆ ನನಗೆ ಆಗಲಿಲ್ಲ."

ಮಾರ್ಗೊ ಅವಳತ್ತ ತಿರುಗಿದಳು. "ಅದಲ್ಲ ಕಣೇ ಅವನು ಹೇಳ್ತಿದ್ದದ್ದು," ಅಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಆವತ್ತು ಹಿಮ ಸರಿಯಿಲ್ಲ ಅಂತ ಅವನಿಗೂ ಗೊತ್ತಿತ್ತು. ಆಸೆ ಅವನದೇ, ಅದಕ್ಕೇ ಬೇಡ ಅನ್ನೋಕೆ ಬಾಯಿ ಬರಲಿಲ್ಲವಂತೆ. ನೀನು ಹೇಳ್ದಾಗ ಅಳು ಬಂತಂತೆ, ಅದಕ್ಕೇ ನಿಮಗೆ ಬೆನ್ನು ಮಾಡಿ ನಿಂತನಂತೆ. 'ಫೆನ್ಯಾಳಿಂದ ನಾನು ಹಿಮದಡಿ ಅಲ್ಲ, ನನ್ನ ಮಂಚದ ಮೇಲೆ ಸಾಯ್ತಿದೀನಿ, ವೆಂಡೆಲ್ ಬದುಕಿದಾನೆ' ಅಂತಿದ್ದ. ದಿನಾ ಅಂತಿದ್ದ. ಕಟ್ಟಳೆ ಮುರಿದು ನಿನಗೆ ಹೇಳೋಕೆ ಅವನಿಗೆ ಸಂಕೋಚ. ನಾನು ಹೇಳೋಣ ಅಂತ ಬೆಳಿಗ್ಗೆ ಶುರು ಮಾಡಿದ್ದು."

ಫೆನ್ಯಾಳಿಗೆ ಅಳು ಬರಲಿಲ್ಲ. ಅಳು ಬರುವ ಜಾಗದಲ್ಲಿ ಏನೋ ಮುರಿದುಹೋಗಿತ್ತು. ಯಾರೂ ಹೊರಿಸದ ತಪ್ಪೊಂದನ್ನು ಒಂದು ವರ್ಷ ಹೊತ್ತು ತಂದು, ಅದರ ಪ್ರಾಯಶ್ಚಿತ್ತವನ್ನು ಈ ಮನುಷ್ಯನ ಮೈಮೇಲೆ ಮಾಡಿದ್ದಳು. ಅವನ ಕೈಗವಸು ಕಳಚಿ ಆ ಒರಟು ಕೈಯನ್ನು ಹಿಡಿದುಕೊಂಡಳು. ಉಗುರಿನ ಸಂದಿಯಲ್ಲಿ ಮರದ ಬಣ್ಣ ಇನ್ನೂ ಅಂಟಿತ್ತು.

ದೂರದಲ್ಲಿ, ಸರೋವರದ ಕಡೆಯಿಂದ, ಹೆಲಿಕಾಪ್ಟರಿನ ಸದ್ದು ಕೇಳಿಸತೊಡಗಿತು. ಮಾರ್ಗೊ ಕೋಟಿನೊಳಗೆ ಕೈಹಾಕಿ ಫ್ಲಾಸ್ಕ್ ತೆಗೆದಳು. ಅದರ ಮೈಗೆ ಇನ್ನೊಂದು ತಗ್ಗು ಬಿದ್ದಿತ್ತು, ಮುಚ್ಚಳ ಮಾತ್ರ ಬಿಗಿಯಾಗಿ ಹಾಗೇ ಇತ್ತು.

"ಇಲ್ಲೇ ಹಾಕಿಬಿಡಲಾ?" ಕೇಳಿದಳು. "ಗೆಳೆಯನ ಪಕ್ಕ."

ಫೆನ್ಯಾ ತಲೆಯೆತ್ತಿ ಶಾಲನ್ನು ನೋಡಿದಳು. ಅದು ಇದ್ದ ಜಾಗದಲ್ಲಿ ಬೂದುಬಣ್ಣದ ನೆಲ ಕಾಣುತ್ತಿತ್ತು.

"ಬೇಡ," ಅಂದಳು.

ಮಾರ್ಗೊ ಯಾಕೆ ಅಂತ ಕೇಳಲಿಲ್ಲ. ಫ್ಲಾಸ್ಕನ್ನು ಮತ್ತೆ ಕೋಟಿನೊಳಗೆ ಇಟ್ಟುಕೊಂಡಳು.